ಹೋದ ದಾರಿಯಲ್ಲಿ ವಾಪಸ್ ಬರಬೇಡಿ: ಚಳಿಗಾಲದ ಬಸ್ಸು-ರೈಲು ಸುತ್ತಾಟ, ನನ್ನ ಅನುಭವ

ನಮ್ಮ ಮೈದುನನ ಹತ್ತಿರ ಕಾರಿದೆ. ಹಾಗಾಗಿ ಬಸ್ಸಿನಲ್ಲಿ ಟ್ರಿಪ್ ಹೋಗುವವರನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಅನಿಸುತ್ತೆ. "ವೈನಿ, ಬಸ್ಸಿನ್ಯಾಗ ಐಹೊಳಿ, ಪಟ್ಟದಕಲ್ಲು ಆಗೂದಿಲ್ಲ ಬಿಡ್ರಿ. ರಾತ್ರಿ ಯಾವುದರ ಹಳ್ಳಿ ಸ್ಟ್ಯಾಂಡಿನ್ಯಾಗ ಕೂಡ್ತೀರಿ" ಅಂದಿದ್ದ. ಮೊದಮೊದಲು ಹಾಗೇ ಕೂತದ್ದೂ ಉಂಟು. ಈಗ ಕೂರುವುದಿಲ್ಲ. ಈ ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಹೊರಟು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಎರಡು ದಿನದಲ್ಲಿ ನೋಡಿ ಬಂದೆವು. ಐದು ಜನ, ಅದರಲ್ಲಿ ಒಬ್ಬರು ಮಂಡಿನೋವಿನ ಅತ್ತೆ. ಊಟ, ರೂಮು, ಟಿಕೆಟ್ ಎಲ್ಲ ಸೇರಿ ಮೂರೂವರೆ ಸಾವಿರದ ಆಸುಪಾಸು. ಎರಡು ದಿನಕ್ಕೆ ಕಾರು, ಡ್ರೈವರ್ ಭತ್ಯೆ ಸೇರಿ ಒಂಬತ್ತು ಸಾವಿರ ಕೇಳಿದ್ದರು.

ನಮ್ಮ ಮನೆಯಲ್ಲಿ ಟಿಕೆಟ್ ಲೆಕ್ಕ ಹೀಗಿದೆ. ನಾನು, ಅತ್ತೆ, ನನ್ನ ತಂಗಿ, ಮೂವರಿಗೂ ಕೆಂಪು ಬಸ್ಸಿನಲ್ಲಿ ಶೂನ್ಯ ಟಿಕೆಟ್. ದುಡ್ಡು ಕೊಡಬೇಕಾದವರು ನಮ್ಮ ಮನೆಯವರು, ಮತ್ತೆ ಅರ್ಧ ಟಿಕೆಟ್ಟಿನ ಮಗ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಇನ್ನು ರೈಲು ಯಾಕೆ, ಬಸ್ಸೇ ಸಾಕು ಅಂತ ಎಲ್ಲರೂ ಅಂದರು. ಕೂತು ಲೆಕ್ಕ ಹಾಕಿದರೆ ಬೇರೆಯೇ ಬಂತು. ಹುಬ್ಬಳ್ಳಿಯಿಂದ ಗದಗಕ್ಕೆ ಬಸ್ಸಿನಲ್ಲಿ ಅಪ್ಪ-ಮಗನಿಗೆ ಸೇರಿ ನೂರಿಪ್ಪತ್ತರ ಹತ್ತಿರ ಆಗುತ್ತೆ. 2025ರ ಜನವರಿಯಲ್ಲಿ ದರ ಶೇ 15ರಷ್ಟು ಏರಿತಲ್ಲ, ಅದಾದ ಮೇಲಿನ ಮಾತು ಇದು. ಪ್ಯಾಸೆಂಜರ್ ರೈಲಿನಲ್ಲಿ ಐದೂ ಜನಕ್ಕೆ ಎಪ್ಪತ್ತು-ಎಂಬತ್ತು ರೂಪಾಯಿ. ಅಂದರೆ ಗಂಡಸರು ಜೊತೆಗಿದ್ದರೆ ಫ್ರೀ ಬಸ್ಸಿಗಿಂತ ರೈಲೇ ಅಗ್ಗ! ಬರೀ ಹೆಂಗಸರು ಹೊರಟರೆ ಬಸ್ಸು. ಒಂದು ಸಲ ಅತ್ತೆ ಆಧಾರ್ ಕಾರ್ಡನ್ನು ಇನ್ನೊಂದು ಪರ್ಸಿನಲ್ಲಿಟ್ಟು ಬಂದು ಪೂರ್ತಿ ಟಿಕೆಟ್ ತೆಗೆಸಬೇಕಾಯಿತು. ಅವತ್ತಿನಿಂದ ಎಲ್ಲರ ಕಾರ್ಡೂ ನನ್ನ ಬ್ಯಾಗಿನಲ್ಲೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾರಿನವರು ಕಾರು ನಿಲ್ಲಿಸಿದ ಜಾಗಕ್ಕೆ ವಾಪಸ್ ಹೋಗಲೇಬೇಕು. ನಮಗೆ ಆ ಹಂಗಿಲ್ಲ. ಆದರೂ ನಾವೂ ಕಾರಿನವರ ಹಾಗೆ ಪ್ಲಾನ್ ಮಾಡುತ್ತಿದ್ದೆವು. ಬಾದಾಮಿಯಲ್ಲಿ ಬ್ಯಾಗ್ ಇಟ್ಟು, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು, ಮತ್ತೆ ಬಾದಾಮಿಗೇ ಬರುವುದು. ಎಲ್ಲ ಸಲವೂ ಏಟು ಬೀಳುತ್ತಿದ್ದದ್ದು ಇದೇ ಕೊನೆಯ ತುಂಡಿನಲ್ಲಿ. ಐಹೊಳೆಯಿಂದ ಬಾದಾಮಿಗೆ ಸಂಜೆ ಹೊತ್ತು ಬಸ್ಸು ನಂಬಿಕೊಂಡು ಕೂರುವ ಹಾಗಿಲ್ಲ. ಒಮ್ಮೆ ಕೂತು ಕೂತು ಕಡೆಗೆ ಟಂಟಂನವನಿಗೆ, ಅಂದರೆ ಊರೂರು ಓಡುವ ಶೇರ್ ಆಟೊದವನಿಗೆ, ಎಂಟುನೂರು ಕೊಟ್ಟೆವು. ಅವತ್ತಿನ ಉಳಿತಾಯವೆಲ್ಲ ಅಲ್ಲಿಗೇ ಹೋಯಿತು.

ಈ ಸಲ ಬ್ಯಾಗುಗಳನ್ನು ಹೊತ್ತುಕೊಂಡೇ ಹೊರಟೆವು. ಒಬ್ಬರಿಗೆ ಒಂದೇ ಬ್ಯಾಗು, ಅದೂ ಹೆಗಲಿಗೆ ಹಾಕುವಂಥದ್ದು. ಮೊದಲ ದಿನ ಬೆಳಗಿನ ರೈಲಿಗೆ ಬಾದಾಮಿ. ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರ್, ಟಂಟಂನಲ್ಲಿ ಐದೂ ಜನ. ಮಧ್ಯಾಹ್ನ ಬನಶಂಕರಿ, ಸಂಜೆ ಗುಹೆಗಳು, ಆಮೇಲೆ ಅಗಸ್ತ್ಯತೀರ್ಥದ ಆಚೆ ದಡದ ಭೂತನಾಥ ಗುಡಿ. ಎರಡನೇ ದಿನ ಬೆಳಗ್ಗೆ ಬಸ್ಸಿನಲ್ಲಿ ಪಟ್ಟದಕಲ್ಲು. ಅಲ್ಲಿಂದ ಐಹೊಳೆಗೆ ಬಸ್ಸು ಕಮ್ಮಿ. ಟಂಟಂನವನು ಮುನ್ನೂರು ಅಂದ, ಇನ್ನೂರಕ್ಕೆ ಒಪ್ಪಿದ. ಐಹೊಳೆ ಮುಗಿಸಿ ಬಾದಾಮಿ ಕಡೆ ತಿರುಗಲೇ ಇಲ್ಲ. ಉಲ್ಟಾ ಮುಂದಕ್ಕೆ ಅಮೀನಗಡಕ್ಕೆ ಹೋದೆವು. ಅದು ದೊಡ್ಡ ರಸ್ತೆಯ ಮೇಲಿನ ಊರು. ಬಾಗಲಕೋಟೆ ಕಡೆಗೆ ಬಸ್ಸಿಗೇನೂ ಬರವಿಲ್ಲ. ಬಾಗಲಕೋಟೆಯಿಂದ ನರಗುಂದ, ನವಲಗುಂದದ ಮೇಲೆ ಹುಬ್ಬಳ್ಳಿ. ರಾತ್ರಿ ಒಂಬತ್ತರ ಹೊತ್ತಿಗೆ ಮನೆ. ಮೈದುನ ಫೋನ್ ಮಾಡಿದಾಗ ಅತ್ತೆ ಆರಾಮಾಗಿ ಚಹಾ ಕುಡಿಯುತ್ತಿದ್ದರು. ಫೋನನ್ನು ಬೇಕಂತಲೇ ಅವರ ಕೈಗೆ ಕೊಟ್ಟೆ.

ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವುದು, ಇಷ್ಟೇ ನನ್ನ ಪದ್ಧತಿ. ಪ್ಲಾನ್ ಮಾಡುವಾಗ ಮೊದಲು ಹೊರಬೀಳುವ ಊರು ಹುಡುಕುತ್ತೇನೆ. ಅದು ಹೆದ್ದಾರಿಯ ಮೇಲಿರಬೇಕು, ಕತ್ತಲಾದ ಮೇಲೂ ದೂರದ ಬಸ್ಸುಗಳು ನಿಲ್ಲಬೇಕು. ಆಮೇಲೆ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುತ್ತೇನೆ. ನೋಡುವ ಜಾಗಕ್ಕೆ ಎಷ್ಟು ಹೊತ್ತು ಅನ್ನೋದು ಎಲ್ಲಕ್ಕಿಂತ ಕೊನೆಗೆ.

ಚಳಿಗಾಲವೇ ಯಾಕೆ ಅಂದರೆ, ಬಸ್ಸಿನವರಿಗೆ ನಡುಮಧ್ಯಾಹ್ನ ಎಲ್ಲೋ ಒಂದು ಕಡೆ ಬಯಲಲ್ಲಿ ನಿಲ್ಲುವುದು ತಪ್ಪಲ್ಲ. ಏಪ್ರಿಲ್‌ನಲ್ಲಿ ಐಹೊಳೆಯ ಕಲ್ಲಿನ ಮೇಲೆ ಹನ್ನೆರಡು ಗಂಟೆಗೆ ಕಾಲಿಟ್ಟು ನೋಡಿ, ಗೊತ್ತಾಗುತ್ತೆ. ಮತ್ತೆ ಬುತ್ತಿ. ಡಿಸೆಂಬರ್‌ನಲ್ಲಿ ಬೆಳಗ್ಗೆ ಕಟ್ಟಿದ ಎಣ್ಣೆಗಾಯಿ ಸಂಜೆಯವರೆಗೂ ಹಳಸುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಅಂತೂ ವಾರ ಇರುತ್ತೆ. ಒಂದು ಹೊತ್ತಿನ ಹೋಟೆಲ್ ಊಟ ಉಳಿದರೆ ಐದು ಜನಕ್ಕೆ ನಾಲ್ಕೈದು ನೂರು ಉಳಿಯಿತು. ಬಾದಾಮಿಯಲ್ಲಿ ಮಾತ್ರ ಕೈಯಲ್ಲಿ ಚೀಲ ಹಿಡಿಯಬೇಡಿ. ಗುಹೆ ಮೆಟ್ಟಿಲ ಹತ್ತಿರ ಕೋತಿಯೊಂದು ತಂಗಿಯ ಕೈಯಿಂದ ರೊಟ್ಟಿ ಗಂಟು ಕಿತ್ತುಕೊಂಡು ಮೇಲಿನ ಬಂಡೆಗೆ ಹೋಗಿ ಕೂತಿತು. ರೊಟ್ಟಿ ಮುರಿದು ಮೂಸಿ ನೋಡಿತು. ಹಿಂಡಿಯ ಪೊಟ್ಟಣ ಬಿಚ್ಚಿ ನೆಕ್ಕಿ, ಖಾರಕ್ಕೆ ತಲೆ ಕೊಡವಿ ನಮ್ಮ ಮೇಲೇ ಬಿಸಾಡಿತು.

ಬನಶಂಕರಿಯಲ್ಲಿ ಬುತ್ತಿ ಬಿಚ್ಚುವುದೇ ಬೇಡ. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಕಾಳು ಪಲ್ಯ, ಚಟ್ನಿ, ಮೇಲೆ ಗಟ್ಟಿ ಮೊಸರು. ನಾವು ಕೂತದ್ದು ಒಬ್ಬ ವಯಸ್ಸಾದ ಅವ್ವನ ಮುಂದೆ. ಮೊಸರು ಸಾಕು ಅಂದರೂ "ಇರಲಿ ತಗೋ ಯವ್ವಾ, ಅದಕ್ಕ ರೊಕ್ಕ ಬ್ಯಾಡ" ಅಂತ ಅತ್ತೆಗೆ ಇನ್ನೊಂದು ಸೌಟು ಹಾಕಿದರು. ಐದು ಜನರ ಹೊಟ್ಟೆ ತುಂಬಿ ಮುನ್ನೂರು ದಾಟಲಿಲ್ಲ.

ಇದೇ ಬನಶಂಕರಿಯಲ್ಲಿ ಹಿಂದೊಮ್ಮೆ ಇನ್ನೊಂದು ಪ್ರಯೋಗ ಮಾಡಿದ್ದೆವು. ಜನವರಿಯಲ್ಲಿ ಬನದ ಹುಣ್ಣಿಮೆಗೆ ಅಲ್ಲಿ ದೊಡ್ಡ ಜಾತ್ರೆ, ನಾಟಕ ಕಂಪನಿಗಳು ಡೇರೆ ಹಾಕಿರುತ್ತವೆ, ಆಟ ಸರಿರಾತ್ರಿ ದಾಟಿದರೂ ನಡೆಯುತ್ತೆ. ಜಾತ್ರೆ ದಿನಗಳಲ್ಲಿ ರೂಮಿನ ಬಾಡಿಗೆ ಕೇಳುವ ಹಾಗೇ ಇಲ್ಲ. ಸರಿ, ರೂಮೇ ಬೇಡ, ಒಂದರ ಹಿಂದೆ ಒಂದು ನಾಟಕ ನೋಡಿ ಬೆಳಗು ಮಾಡೋಣ ಅಂದೆ. ದುಡ್ಡೇನೋ ಉಳಿಯಿತು. ಅತ್ತೆ ಕಣ್ಣು ಮಿಟುಕಿಸದೆ ಎರಡೂ ಆಟ ನೋಡಿದರು, ಹಾಸ್ಯದ ಪಾತ್ರ ಬಂದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ನಕ್ಕರು. ಮಲಗಿದ್ದು ಮಗ ಮತ್ತು ಅವರಪ್ಪ. ಆದರೆ ನಸುಕಿನ ಚಳಿಗೆ ನಾವು ತಂದ ಎರಡು ಶಾಲು ಯಾತಕ್ಕೂ ಸಾಲಲಿಲ್ಲ, ಮರುದಿನ ಪಟ್ಟದಕಲ್ಲಿನಲ್ಲಿ ನಾನು ಕಂಬಕ್ಕೆ ಒರಗಿ ನಿದ್ದೆ ಮಾಡಿದೆ. ಒಂದು ದಿನದ ಟ್ರಿಪ್ಪಿಗೆ ಇದು ಸರಿ, ಎರಡು ದಿನಕ್ಕೆ ಬೇಡ.

ಹೋಗಿ ಬರುವುದು ಒಂದೇ ದಿನ ಆಗಬೇಕಿದ್ದರೆ ನನ್ನ ಮೆಚ್ಚಿನದು ಮಾಗಡಿ ಕೆರೆ. ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನದು. ಗದಗದಿಂದ ಲಕ್ಷ್ಮೇಶ್ವರದ ಕಡೆ ಇಪ್ಪತ್ತಾರು ಕಿಲೋಮೀಟರ್. 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಹಕ್ಕಿ ನೋಡುವವರೆಲ್ಲ ಸೂರ್ಯ ಹುಟ್ಟುವ ಮೊದಲೇ ಅಲ್ಲಿರಬೇಕು, ಅದಕ್ಕೆ ಕಾರೇ ಬೇಕು ಅಂತಾರೆ. ಹಾಗಂತ ಒಮ್ಮೆ ಗದಗದಲ್ಲಿ ರೂಮ್ ಮಾಡಿ, ಕತ್ತಲಲ್ಲೇ ಆಟೊ ಹಿಡಿದು ಹೋದೆವು. ಕೆರೆ ಅರ್ಧ ಖಾಲಿ! ಅಲ್ಲಿ ಎಮ್ಮೆ ಹೊಡೆದುಕೊಂಡು ಬಂದವರೊಬ್ಬರು ನಕ್ಕರು. ಇವು ಮೀನು ತಿನ್ನುವ ಹಕ್ಕಿಗಳಲ್ಲ, ಹುಲ್ಲು, ಕಾಳು ಮೇಯುವಂಥವು. ಮೇಯಲು ಹೊಲಕ್ಕೆ ಹೋಗಿರುತ್ತವೆ, ಹೊಟ್ಟೆ ತುಂಬಿದ ಮೇಲೆ ನೀರಿಗೆ ಬರುತ್ತವೆ. ಒಂಬತ್ತರ ಮೇಲೆ ಹಿಂಡು ಹಿಂಡಾಗಿ ಬಂದು ಇಳಿಯುವುದನ್ನು ಕಣ್ಣಾರೆ ನೋಡಿದೆವು. ಅಂದರೆ ನಮ್ಮ ಬಸ್ಸಿನ ಹೊತ್ತಿಗೇ ಹೇಳಿ ಮಾಡಿಸಿದ ಹಾಗೆ!

ಈಗ ಬೆಳಗಿನ ರೈಲಿಗೆ ಗದಗ, ಅಲ್ಲೇ ತಿಂಡಿ, ಆಮೇಲೆ ಲಕ್ಷ್ಮೇಶ್ವರದ ಬಸ್ಸು. "ಅಣ್ಣಾ, ಮಾಗಡಿ ಕೆರಿ ಹತ್ರ ಇಳಸ್ರೀ" ಅಂದರೆ ಕಂಡಕ್ಟರ್ ಇಳಿಸುತ್ತಾರೆ. ಹತ್ತರ ಹೊತ್ತಿಗೆ ದಡದಲ್ಲಿ ಕೂತರೆ ಬಿಸಿಲು ಹಿತವಾಗಿರುತ್ತೆ, ಹಕ್ಕಿಯೂ ಇರುತ್ತೆ. ಬಿಳೀ ತಲೆ, ಅದರ ಹಿಂದೆ ಕಾಡಿಗೆಯಲ್ಲಿ ಎಳೆದಂಥ ಎರಡು ಕಪ್ಪು ಪಟ್ಟೆ. ಒಂದು ಕಾಲಿನ ಮೇಲೆ ನಿಂತು, ಕತ್ತು ಹಿಂದಕ್ಕೆ ಮಡಚಿ ರೆಕ್ಕೆಯಲ್ಲಿ ಮೂತಿ ಹುದುಗಿಸಿ ನಿದ್ದೆ ಮಾಡುತ್ತವೆ. ಹಿಂಡಿನಲ್ಲಿ ಒಂದೆರಡು ಮಾತ್ರ ತಲೆ ಎತ್ತಿ ಕಾವಲು. ದೂರದಿಂದ ನೋಡಬೇಕು ಅಷ್ಟೆ, ಹತ್ತಿರ ಹೋದರೆ ಎದ್ದು ಬಿಡುತ್ತವೆ. ಸೆಕೆಂಡ್ ಹ್ಯಾಂಡ್ ದುರ್ಬೀನು ಎರಡು ಸಾವಿರದೊಳಗೆ ಸಿಕ್ಕಿತ್ತು, ಅದೊಂದೇ ನಾನು ಮಾಡಿದ ದೊಡ್ಡ ಖರ್ಚು.

ಇಲ್ಲೂ ಗದಗಕ್ಕೆ ವಾಪಸ್ ಹೋಗುವುದಿಲ್ಲ. ಮುಂದಿನ ಬಸ್ಸಿಗೆ ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ. ಸೋಮೇಶ್ವರ ಗುಡಿಯಲ್ಲಿ ನಂದಿಯ ಮೇಲೆ ಕೂತ ಶಿವ-ಪಾರ್ವತಿ. ಆವರಣದಲ್ಲಿ ನೆರಳಿದೆ, ಬುತ್ತಿ ಬಿಚ್ಚಲು ಒಳ್ಳೆಯ ಜಾಗ. ಅಲ್ಲಿಂದ ನೇರ ಹುಬ್ಬಳ್ಳಿ ಬಸ್ಸು. ಗದಗದ ತಿಂಡಿ, ಸಂಜೆಯ ಮಿರ್ಚಿ-ಚಹಾ ಸೇರಿ ಏಳುನೂರು ದಾಟಿಲ್ಲ. ಬೇಕಿದ್ದರೆ ಮಾಗಡಿ ಬಿಟ್ಟು ಲಕ್ಕುಂಡಿ ಹಿಡಿಯಬಹುದು. ಗದಗದಿಂದ ಹನ್ನೆರಡು ಕಿಲೋಮೀಟರ್, ಹೆದ್ದಾರಿಯ ಮೇಲೇ ಇದೆ, ಬಸ್ಸಿನ ಚಿಂತೆ ಇಲ್ಲ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಮಾಣಿಕೇಶ್ವರದ ಮುಸುಕಿನ ಬಾವಿ, ಎರಡಕ್ಕೇ ಅರ್ಧ ದಿನ ಬೇಕು. ಮಾಗಡಿ, ಲಕ್ಕುಂಡಿ ಎರಡನ್ನೂ ಒಂದೇ ದಿನ ಮಾಡಲು ಹೋಗಿ ಒಮ್ಮೆ ಎರಡೂ ಕೆಟ್ಟವು. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ಗುಡಿಯನ್ನು ಬನ್ನಿಕೊಪ್ಪ ಸ್ಟೇಷನ್ನಿನಲ್ಲಿ ಇಳಿದು ನೋಡುವ ಪ್ರಯತ್ನವೂ ನಡೆದಿದೆ. 1112ರ ಗುಡಿ, ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಗುಡಿಗೆ ನೂರಕ್ಕೆ ನೂರು ಅಂಕ. ಸ್ಟೇಷನ್ನಿನಿಂದ ಆಚೆ ಹೋಗುವ ಗಾಡಿಯ ವ್ಯವಸ್ಥೆಗೆ ನಾನು ಇನ್ನೂ ಪಾಸ್ ಮಾರ್ಕು ಕೊಟ್ಟಿಲ್ಲ.

ಎಲ್ಲರೂ ಮರೆಯುವ ಒಂದು ಸಂಗತಿ. ಡಿಸೆಂಬರ್, ಜನವರಿ ಶಾಲೆಗಳ ಪ್ರವಾಸದ ತಿಂಗಳು. ಸರ್ಕಾರಿ ಬಸ್ಸುಗಳನ್ನು ಶಾಲೆಯವರು ಒಪ್ಪಂದದ ಮೇಲೆ ತೆಗೆದುಕೊಂಡು ಹೋಗಿರುತ್ತಾರೆ. ಆಗ ಹಳ್ಳಿಯ ಕಡೆಯ ಟ್ರಿಪ್ಪುಗಳಿಗೇ ಕತ್ತರಿ ಬೀಳುವುದು. ಒಂದು ತಾಲೂಕು ನಿಲ್ದಾಣದಲ್ಲಿ ಬೋರ್ಡಿನ ಮೇಲೆ ಇದ್ದ ಮೂರು ಗಂಟೆ ಬಸ್ಸು ಐದಾದರೂ ಬರಲಿಲ್ಲ. ಕೇಳಿದರೆ "ಅದು ಧರ್ಮಸ್ಥಳಕ್ಕ ಹೋಗೇತ್ರಿ, ಸಾಲಿ ಹುಡುಗರ ಜೋಡಿ" ಅಂದರು. ಬೋರ್ಡು, ಫೋನು ಎರಡನ್ನೂ ನಾನೀಗ ನಂಬುವುದಿಲ್ಲ. ಬೆಳಗ್ಗೆ ಹೋಗುವ ಬಸ್ಸಿನ ಕಂಡಕ್ಟರನ್ನೇ ಕೇಳುತ್ತೇನೆ. "ಸಂಜಿ ಈ ಕಡೆ ಕಡೀ ಗಾಡಿ ಯಾವುದ್ರಿ, ಇವತ್ತು ಐತೇನ್ರಿ?" ಅಂತ. ಇವತ್ತು ಅನ್ನೋ ಮಾತು ಬಿಡಬೇಡಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹೊರಡಲೇಬೇಡಿ. ಬಾದಾಮಿಯಲ್ಲಿ ಸಾವಿರಕ್ಕೆ ಸಿಗುವ ರೂಮು ಆ ವಾರ ಎರಡು ಸಾವಿರ. ಜನವರಿ ಕೊನೆಯ ವಾರ, ಅದೂ ಮಂಗಳವಾರ-ಬುಧವಾರ ಒಳ್ಳೆಯದು. ಶುಕ್ರವಾರ ಬಾದಾಮಿ, ಐಹೊಳೆ ಮ್ಯೂಸಿಯಂಗಳಿಗೆ ರಜೆ.

ಬಾದಾಮಿಯಲ್ಲಿ ನಾವು ಇಳಿದುಕೊಳ್ಳುವ ಜಾಗ ಯಾವುದು ಅಂತ ತಂಗಿಯ ಆಫೀಸಿನವರೆಲ್ಲ ಕೇಳುತ್ತಿದ್ದಾರೆ. ಅದನ್ನು ಹೇಳುವುದಿಲ್ಲ, ಇರುವುದೇ ನಾಲ್ಕು ರೂಮು. ಹುಬ್ಬಳ್ಳಿಯಲ್ಲಿ ಎಲ್ಲಿ ಹತ್ತಿದರೆ ಸೀಟು ಗ್ಯಾರಂಟಿ ಅನ್ನೋದನ್ನೂ ಹೇಳಲ್ಲ. ಸೀತನಿ (ಎಳೆ ಜೋಳದ ತೆನೆ) ಹುರಿದು ಕೊಡುವ ಹೊಲ ನರಗುಂದದ ದಾರಿಯಲ್ಲಿದೆ ಅಂತ ಮಾತ್ರ ಹೇಳಬಹುದು.

ಮೂರೂವರೆ ಸಾವಿರದ ಲೆಕ್ಕದಲ್ಲಿ ಅಮೀನಗಡದ ಕರದಂಟು ಸೇರಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು, ಅಂಗಡಿ ಎದುರಿಗೇ ಇತ್ತು. ಅತ್ತೆ ಮೈದುನನ ಮನೆಗೆ ಅಂತ ಎರಡು ಕಿಲೋ ಕಟ್ಟಿಸಿದರು. ಐದೂ ಜನ ಎರಡು ದಿನ ಓಡಾಡಿದ ಬಸ್ಸು, ರೈಲು, ಟಂಟಂ ಖರ್ಚಿಗಿಂತ ಅದೇ ಜಾಸ್ತಿ ಆಯಿತು.