ಅಳತೆ ಪುಸ್ತಕ ಮತ್ತು ಹನ್ನೆರಡು ಯೂನಿಫಾರ್ಮ್

ನಾನು ಕಾರವಾರದ ಕಾಜುಬಾಗದಲ್ಲಿ ಹೊಲಿಗೆ ಮಾಡುವವಳು. ಮೂವತ್ತು ವರ್ಷದ ಕೆಲಸ. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಕೆಲವು ಸುದ್ದಿ ಅತ್ತೆಗಿಂತ ಮೊದಲೇ ನನಗೆ ಗೊತ್ತಾಗುತ್ತದೆ. "ಅಕ್ಕಾ, ಸ್ವಲ್ಪ ಲೂಸ್ ಮಾಡಿಕೊಡಿ" ಅನ್ನುವ ದನಿಯಲ್ಲೇ ಖುಷಿಯೋ ಹೆದರಿಕೆಯೋ ತಿಳಿಯುತ್ತದೆ.

ನಾವು ಕ್ಯಾಥೊಲಿಕರು. ಹೊಟ್ಟೆಯಲ್ಲಿರುವ ಮಗು ಆಗಲೇ ಒಂದು ಜೀವ, ಅದನ್ನು ತೆಗೆಯಬಾರದು ಅಂತ ನಂಬಿದವಳು ನಾನು. 1971ರ ಕಾನೂನು ಕೆಲವು ಷರತ್ತಿನ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಟ್ಟಿದೆ, ಅದೂ ನನಗೆ ಗೊತ್ತು. ಆದರೆ ಈ ನಂಬಿಕೆಯನ್ನು ಇಟ್ಟುಕೊಂಡು ನಾನು ಮೊದಲು ಮಾಡಿದ್ದು ಏನು ಅಂತ ಹೇಳಿಬಿಡುತ್ತೇನೆ. ನಾಚಿಕೆಯ ವಿಷಯ.

2015ರಲ್ಲಿ ಒಬ್ಬಳು ಬಂದಿದ್ದಳು. ಎರಡು ಮಕ್ಕಳ ತಾಯಿ, ಮೀನು ಒಣಗಿಸುವ ಕೆಲಸ. ಮೂರನೆಯದು ಬೇಡ ಅಂದಳು. ನಾನು ಬ್ಲೌಸಿನ ಹೊಲಿಗೆ ಬಿಚ್ಚುತ್ತಲೇ ಅರ್ಧ ತಾಸು ಪಾಪ, ಪುಣ್ಯ, ದೇವರ ಕೊಡುಗೆ ಅಂತ ಹೇಳಿದೆ. ಅವಳು ಸುಮ್ನೆ ಕೇಳಿದಳು. ಅಕ್ಕಿ ಎಷ್ಟು ಉಳಿದಿದೆ, ಗಂಡ ಏನಂತಾನೆ ಅಂತ ನಾನು ಒಂದು ಮಾತೂ ಕೇಳಲಿಲ್ಲ. ಅವಳು ಡಾಕ್ಟರ ಹತ್ತಿರವೂ ಹೋಗದೆ ಎಲ್ಲಿಂದಲೋ ಮಾತ್ರೆ ತಂದು ತಿಂದಳಂತೆ. ರಕ್ತ ನಿಲ್ಲದೆ ಆಸ್ಪತ್ರೆ ಸೇರಿ ಉಳಿದುಕೊಂಡಳು. ಆ ಬ್ಲೌಸ್ ಒಯ್ಯಲು ಮತ್ತೆ ಬರಲೇ ಇಲ್ಲ. ಎಷ್ಟೋ ದಿನ ನನ್ನ ಕಪಾಟಿನಲ್ಲೇ ಇತ್ತು.

ಬೈಬಲಿನ ಯಾಕೋಬನ ಪತ್ರದ ಎರಡನೇ ಅಧ್ಯಾಯದಲ್ಲಿ ಒಂದು ಮಾತು ಬರುತ್ತದೆ. ಬಟ್ಟೆಯಿಲ್ಲದವನಿಗೆ, ಹಸಿದವನಿಗೆ ಏನೂ ಕೊಡದೆ "ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಾ ಊಟ ಮಾಡಿ" ಅಂದರೆ ಏನು ಪ್ರಯೋಜನ ಅಂತ. ಎಷ್ಟು ಸಲ ಓದಿದ್ದೆನೋ. ನನಗೇ ಹೇಳಿದ್ದು ಅಂತ ಆಗ ಅನ್ನಿಸಿತು.

ಹಾಗಾಗಿ 2018ರ ಜೂನ್‌ನಲ್ಲಿ ಇನ್ನೊಬ್ಬಳು ಬಂದಾಗ ನಾನು ಬಾಯಿ ಮುಚ್ಚಿಕೊಂಡೆ. ಕಾಳಿ ಹೊಳೆಯಾಚೆ ಸದಾಶಿವಗಡದ ಕಡೆಯವಳು. ನಮ್ಮ ಇಗರ್ಜಿಯವಳಲ್ಲ. ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಯೂನಿಫಾರ್ಮ್ ಟಾಪ್ ಬಿಗಿಯಾಗಿತ್ತು. ಚಹಾ ಕೊಟ್ಟು "ಏನು ತಂಗಿ, ಯಾಕೆ ಹೆದರಿದ್ದೀಯಾ?" ಅಂತಷ್ಟೇ ಕೇಳಿದೆ. ಎರಡನೇ ಮಗು. ಅಂಗಡಿ ಮಾಲೀಕರು "ಹೊಟ್ಟೆ ಹೊತ್ತುಕೊಂಡು ಕೌಂಟರಿನಲ್ಲಿ ನಿಲ್ಲೋದು ಬೇಡ, ಮುಂದಿನ ತಿಂಗಳಿಂದ ಬರಬೇಡ" ಅಂದಿದ್ದರು. ಗಂಡ ಬೈತಖೋಲ ಬಂದರಿನ ಮೀನು ಬೋಟಿಗೆ ಹೋಗುವವನು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಮನೆಗೆ ಅವನ ದುಡ್ಡಿಲ್ಲ. "ಮಗು ಬೇಡ ಅಂತಲ್ಲ ಅಕ್ಕಾ, ಕೆಲಸ ಹೋದರೆ ಇರುವ ಮಗೂಗೆ ಏನು ಹಾಕಲಿ?" ಅಂದಳು.

ಸರ್ಕಾರದ ಸಹಾಯ ಏನಿದೆ ಅಂತ ಅಂಗನವಾಡಿಯಲ್ಲಿ ವಿಚಾರಿಸಿದೆ. ಮಾತೃವಂದನಾ ಯೋಜನೆಯ 5,000 ರೂಪಾಯಿ ಆಗ ಮೊದಲ ಮಗುವಿಗೆ ಮಾತ್ರ. ಬಸುರಿಯರಿಗೆ ಕೊಡುವ ಮಾತೃಪೂರ್ಣ ಯೋಜನೆಯ ಬಿಸಿಯೂಟವನ್ನು ಆಗ ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ಮಧ್ಯಾಹ್ನ ಕೌಂಟರಿನಲ್ಲಿ ನಿಂತವಳು ಹೊಳೆ ದಾಟಿ ಊಟಕ್ಕೆ ಹೋಗ್ತಾಳಾ? ದಾರಿ ಇದ್ದದ್ದು ಕಾನೂನಿನಲ್ಲಿ. 1961ರ ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ತಿದ್ದುಪಡಿಯಾಗಿ, ಎರಡು ಮಕ್ಕಳವರೆಗೆ ಸಂಬಳದ ಜೊತೆ 26 ವಾರ ರಜೆ ಸಿಗುತ್ತಿತ್ತು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಅಂಗಡಿಯಲ್ಲಿ ಕನಿಷ್ಠ 10 ಜನ ಕೆಲಸಕ್ಕಿರಬೇಕು. ಬಸುರಿಯಾಗಿದ್ದಾಗ ಕೆಲಸದಿಂದ ತೆಗೆದರೂ ಆ ಹಣದ ಹಕ್ಕು ಹೋಗುವುದಿಲ್ಲ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ನನ್ನ ಹತ್ತಿರ ಕೋಟು ಹೊಲಿಸುವ ಒಬ್ಬ ವಕೀಲೆ.

ನಾನೂ ಆ ಸದಾಶಿವಗಡದವಳೂ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆವು. ಮಾಲೀಕರನ್ನು ಕರೆಸಿದರು. ಅವರು "ನಮ್ಮಲ್ಲಿ ಏಳೇ ಜನ, ಇವಳು ಹಬ್ಬದ ಸೀಸನ್ನಿಗೆ ಬರುವವಳು" ಅಂದರು. ಹಾಜರಿ ಪುಸ್ತಕ ತೋರಿಸಲಿಲ್ಲ. ಆಗ ನನಗೆ ಹೊಳೆಯಿತು. ಅವರ ಅಂಗಡಿಯ ಯೂನಿಫಾರ್ಮ್ ಹೊಲಿದವಳು ನಾನೇ ಅಲ್ವಾ! ಮರುದಿನ ಅಳತೆ ಪುಸ್ತಕ, ಬಿಲ್ಲಿನ ಕಾರ್ಬನ್ ಪ್ರತಿ ಎಲ್ಲ ಒಯ್ದೆ. 2016, 2017, 2018, ಮೂರು ವರ್ಷವೂ ಅವಳ ಹೆಸರು, ಅಳತೆ, ತಾರೀಕು. ಒಟ್ಟು ಹನ್ನೆರಡು ಜನರ ಯೂನಿಫಾರ್ಮ್, ಕೆಳಗೆ ಮಾಲೀಕರದೇ ಸಹಿ.

ಆಮೇಲೆ ಜಾಸ್ತಿ ವಾದ ನಡೆಯಲಿಲ್ಲ. ಅವಳು ಕೆಲಸದಲ್ಲಿ ಉಳಿದಳು, ರಜೆಯ ಸಂಬಳ ಎರಡು ಕಂತಿನಲ್ಲಿ ಬಂತು. ಅಲ್ಲಿಯವರೆಗೆ ಮನೆಗೆ ಬೇಕಾದ ಅಕ್ಕಿ ಬೇಳೆ ನಮ್ಮ ಮಹಿಳಾ ಸಂಘದಿಂದ ಹೋಯಿತು. ಅದೂ ಸಲೀಸಾಗಿ ಆಗಲಿಲ್ಲ. "ಗರ್ಭಪಾತದ ವಿರುದ್ಧ ಜಪಮಾಲೆ ಹೇಳೋಣ, ಲೇಬರ್ ಆಫೀಸಿನ ಜಗಳ ನಮಗ್ಯಾಕೆ?" ಅಂತ ಕೆಲವರು ಮುಖ ಸಿಂಡರಿಸಿದ್ದರು. ಫಾದರ್ 1965ರ ವ್ಯಾಟಿಕನ್ ಮಹಾಸಭೆಯ ಒಂದು ದಾಖಲೆ ತಂದು ಓದಿದರು. ಜೀವಕ್ಕೆ, ಮನುಷ್ಯನ ಗೌರವಕ್ಕೆ ವಿರುದ್ಧವಾದ ಕೆಲಸಗಳ ಪಟ್ಟಿ ಅದು. ಗರ್ಭಪಾತವೂ ಅದರಲ್ಲಿದೆ, ಕೆಲಸದವರನ್ನು ಬರೀ ಲಾಭದ ಸಾಮಾನಿನಂತೆ ನಡೆಸಿಕೊಳ್ಳುವುದೂ ಅದೇ ಪಟ್ಟಿಯಲ್ಲಿದೆ. ಜಪಮಾಲೆ ನಿಲ್ಲಲಿಲ್ಲ, ಅಕ್ಕಿಯೂ ಹೋಯಿತು.

ಆಮೇಲೆ ಇಂಥ ಇನ್ನೂ ಕೆಲವರು ಬಂದರು. ಎಲ್ಲರದೂ ಹೀಗೆ ಮುಗಿಯಲಿಲ್ಲ. ಇಬ್ಬರು ಗರ್ಭ ತೆಗೆಸಿಕೊಂಡರು. ನನಗೆ ನೋವಾಯಿತು, ಆದರೆ ಅವರಿಗೆ ಬಾಗಿಲು ಹಾಕಲಿಲ್ಲ. ಘಟ್ಟದ ಮೇಲಿನ ಮದುವೆಯಾಗದ ಒಬ್ಬ ಹುಡುಗಿ ಹೆತ್ತಳು, ಸಾಕುವ ಸ್ಥಿತಿ ಇರಲಿಲ್ಲ. ಅವಳ ಜೊತೆ ಮಕ್ಕಳ ಕಲ್ಯಾಣ ಸಮಿತಿಗೆ ಹೋದೆ. ಮಗುವನ್ನು ಒಪ್ಪಿಸಿದ ಮೇಲೆ ಮನಸ್ಸು ಬದಲಿಸಲು ತಾಯಿಗೆ 60 ದಿನ ಸಮಯವಿದೆ, ಹೆಸರು ಹೊರಗೆ ಬರುವುದಿಲ್ಲ. "ಗೊತ್ತಿದ್ದವರ ಮನೆಗೆ ಕೊಟ್ಟುಬಿಡಿ" ಅನ್ನುವವರ ಮಾತು ಮಾತ್ರ ಕೇಳಬೇಡಿ, ದತ್ತು ಕಾನೂನಿನ ದಾರಿ ಬಿಟ್ಟು ಹಾಗೆ ಕೊಡುವುದು ಕಾನೂನಿಗೆ ವಿರುದ್ಧ.

ಆ ಅಂಗಡಿಯ ಆರ್ಡರ್ ನನಗೆ ಮತ್ತೆ ಸಿಗಲಿಲ್ಲ. ವರ್ಷಕ್ಕೆ ಇಪ್ಪತ್ತನಾಲ್ಕು ಜೊತೆ, ಸಣ್ಣ ಪೆಟ್ಟಲ್ಲ. ಅವಳಿಗೆ ಹೆಣ್ಣು ಮಗು ಹುಟ್ಟಿತು. ಈಗ ಬೇರೆ ಕಡೆ ಕೆಲಸ ಮಾಡುತ್ತಾಳೆ, ಅಲ್ಲಿನ ಯೂನಿಫಾರ್ಮ್ ಆರ್ಡರ್ ಅವಳೇ ತಂದುಕೊಟ್ಟಳು. ಬಿಲ್ಲಿನಲ್ಲಿ ಒಬ್ಬೊಬ್ಬರ ಹೆಸರೂ ಬರೆದು ಮಾಲೀಕರ ಸಹಿ ಹಾಕಿಸಿಕೊಳ್ಳುತ್ತೇನೆ. ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡುತ್ತೇನೆ. ಬಟ್ಟೆ ಜಾಸ್ತಿ ಹೋಗುತ್ತದೆ ಅಂತ ಅವರು ಗೊಣಗುತ್ತಾರೆ.