ಸಂತೆಯ ದಿನದಿಂದ ಎಣಿಸಿದೆ

ಇಂಡಿ ತಾಲೂಕಿನ ಒಂದು ತೋಟದ ವಸ್ತಿಗೆ ರಕ್ತ ಮತ್ತು ಗಂಟಲಿನ ಮಾದರಿ ತರಲು ಹೋಗಿದ್ದೆ. ಮೂರು ವರ್ಷದ ಹುಡುಗಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ‘ಗೊಬ್ಬರ ಎದ್ದಿದೆ ತಮ್ಮಾ, ಅಮ್ಮ ಮೈಮೇಲಿದ್ದಾಗ ಸೂಜಿ ಚುಚ್ಚಬಾರದು’ ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಅವರ ಗೊಬ್ಬರಕ್ಕೆ ದಡಾರವೆಂಬುದು ನಮ್ಮ ಪರೀಕ್ಷೆಯ ಅರ್ಜಿಯೊಳಗಿನ ಹೆಸರು. ವಸ್ತಿಯಲ್ಲಿ ಅದು ನಡೆಯುವುದಿಲ್ಲ. ವಾದಕ್ಕಿಳಿಯದೆ, ದದ್ದು ಮೊದಲು ಕಂಡಿದ್ದು ಯಾವಾಗ ಎಂದು ಕೇಳಿದೆ.

‘ಸಂತೆಯ ದಿನ ಬೆಳಿಗ್ಗೆ, ಕಿವಿಯ ಹಿಂದೆ.’

ನನಗೆ ಬೇಕಿದ್ದದ್ದು ಅದೇ. ರಕ್ತದಲ್ಲಿ ಐಜಿಎಂ, ಅಂದರೆ ಸೋಂಕಿಗೆ ಎದುರಾಗಿ ದೇಹ ಮೊದಲು ತಯಾರಿಸುವ ಪ್ರತಿಕಾಯ, ಹುಡುಕಲು ದದ್ದು ಎದ್ದು 28 ದಿನಗಳವರೆಗೆ ಅವಕಾಶವಿದೆ, ಆದರೆ ಮೊದಲ ಮೂರು ದಿನ ರೋಗವಿದ್ದರೂ ಅದು ಕಾಣದೇ ಹೋಗಬಹುದು. ಗಂಟಲಿನ ವೈರಸ್ ಹಾಗಲ್ಲ, ತಡವಾದಷ್ಟೂ ಕೈತಪ್ಪುತ್ತದೆ. ಸಂತೆಯಿಂದ ಎಣಿಸಿದರೆ ಅಂದು ಐದನೆಯ ದಿನ. ಎರಡಕ್ಕೂ ಒಪ್ಪುವ ದಿನ.

‘ಉಡಿ ತುಂಬುವಾಗ ನಾನೂ ಬರುತ್ತೇನೆ ಅಜ್ಜಿ’ ಎಂದರು ಆಶಾ ಕಾರ್ಯಕರ್ತೆ. ಅಜ್ಜಿ ಬಾಗಿಲು ಬಿಟ್ಟರು. ಗಂಟಲಿನ ಹಿಂಭಾಗ ಒರೆಸುವಾಗ ಹುಡುಗಿ ಕಡ್ಡಿಯನ್ನು ಕಚ್ಚಿ ಹಿಡಿದಳು. ಬಿಡಿಸಿಕೊಂಡು ವೈರಸ್ಸನ್ನು ಪ್ರಯೋಗಾಲಯದವರೆಗೆ ಕೆಡದಂತೆ ಇಡುವ ಗುಲಾಬಿ ಬಣ್ಣದ ವಿಟಿಎಂ ದ್ರವಕ್ಕೆ ಹಾಕಿದೆ. ಏನೂ ಬೆರೆಸದ ಟ್ಯೂಬಿಗೆ ಸುಮಾರು 3 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟಲೆಂದು ನೆಟ್ಟಗೆ ನಿಲ್ಲಿಸಿ ಚಹಾ ಕುಡಿಯುತ್ತ ಕುಳಿತೆ. ಅರ್ಧ ತಾಸು. ಅಷ್ಟರಲ್ಲಿ ಲಸಿಕೆ ಕಾರ್ಡಿನ ದಿನಾಂಕ ಬರೆದುಕೊಂಡೆ, ಏಕೆಂದರೆ ಹೊಸದಾಗಿ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿಸಿದ್ದರೂ ಐಜಿಎಂ ಕಾಣಿಸುತ್ತದೆ.

ಕೆಲಸಕ್ಕೆ ಸೇರಿದ ವರ್ಷ ಈ ಅರ್ಧ ತಾಸು ನನಗಿರಲಿಲ್ಲ. ಡೀಪ್ ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್‌ಪ್ಯಾಕಿಗೆ ಟ್ಯೂಬನ್ನು ಒತ್ತಿಟ್ಟು, ಬೈಕಿನಲ್ಲಿ ಕುಲುಕಾಡಿಸುತ್ತ ತಂದಿದ್ದೆ. ರಕ್ತ ಮಂಜುಗಡ್ಡೆಯಾಗಿ ಕಣಗಳು ಒಡೆದು, ಪರೀಕ್ಷೆಗೆ ಬೇಕಾದ ಮೇಲಿನ ತಿಳಿ, ಸೀರಂ, ದಾಳಿಂಬೆ ರಸದಂತಾಗಿತ್ತು. ಅದೇ ಕೂಸಿಗೆ ಮತ್ತೆ ಚುಚ್ಚಲು ಹೋದಾಗ ತಾಯಿ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಈಗ ಐಸ್‌ಪ್ಯಾಕ್ ಬೆವರುವವರೆಗೆ ಮೇಜಿನ ಮೇಲಿಡುತ್ತೇನೆ. ಕಿವಿಯ ಬಳಿ ಅಲುಗಿಸಿ, ಒಳಗೆ ನೀರು ಕಳಕ್ ಎಂದ ಮೇಲೆಯೇ ಪೆಟ್ಟಿಗೆಗೆ. ಟ್ಯೂಬಿಗೆ ಹತ್ತಿಯ ಸುತ್ತು ಬೇರೆ.

ಆಸ್ಪತ್ರೆಯಲ್ಲಿ ಟ್ಯೂಬನ್ನು ರಭಸದಿಂದ ಸುತ್ತಿಸಿ ಸೀರಂ ಬೇರ್ಪಡಿಸುವ ಸೆಂಟ್ರಿಫ್ಯೂಜನ್ನು ಹತ್ತು ನಿಮಿಷ ತಿರುಗಿಸಿದೆ. ಸೀರಂ ಒಣಹುಲ್ಲಿನ ಬಣ್ಣಕ್ಕೆ ಬಂತು. ಬೇರೆ ಶೀಶೆಗೆ ಇಳಿಸಿ, ಹೆಸರು, ಸಂಖ್ಯೆ, ದಿನಾಂಕ ಅಂಟಿಸಿದೆ. ಅರ್ಜಿ ಒದ್ದೆಯಾಗದಂತೆ ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ.

ದಡಾರದ ಮಕ್ಕಳಿಗೆ ಕೊಡುವ ವಿಟಮಿನ್ ಎ 2 ಲಕ್ಷ ಯೂನಿಟ್ ಹುಡುಗಿಗೆ ಅಂದೇ ಕುಡಿಸಿದ್ದೆವು. ಎರಡನೆಯ ಡೋಸಿಗೆಂದು ಮರುದಿನ ಹೋದಾಗ ಅಜ್ಜಿ ಪಕ್ಕದ ಮನೆಯ ಹುಡುಗನನ್ನು ಎಳೆದುಕೊಂಡು ಬಂದರು. ಅವನ ಕಿವಿ ಮಡಿಚಿ ತೋರಿಸಿ, ‘ಇವನಿಗೆ ನಿನ್ನೆ ರಾತ್ರಿ, ಬರೆದುಕೋ’ ಎಂದರು.