ಸಿದ್ಧಾಂತಕ್ಕೂ ಮೊದಲು ಪಠ್ಯ: ಇಂಗ್ಲಿಷ್ ವಿಭಾಗದಲ್ಲಿ ಅನುವಾದ ಸಂಶೋಧನೆ

ತುಮಕೂರಿನಲ್ಲಿ ಇಂಗ್ಲಿಷ್-ಕನ್ನಡ ಅನುವಾದದ ಮೇಲೆ ಪಿಎಚ್.ಡಿ. ಮಾಡಹೊರಟವರಿಗೆ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ ತಪ್ಪದೆ ಎದುರಾಗುತ್ತಾರೆ. ಅವರು ಹುಟ್ಟಿದ ಸಂಪಿಗೆ ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿದೆ. ವಿಷಯ ನೋಂದಾಯಿಸುವ ಮುಂಚೆ ನಾನು ದೇಶದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡ ವಿಭಾಗದ ಪ್ರಬಂಧಗಳನ್ನೂ ಹುಡುಕುತ್ತೇನೆ. ಇಂಗ್ಲಿಷ್ ವಿಭಾಗದವರು ಹೊಸದೆಂದುಕೊಂಡ ವಿಷಯದ ಮೇಲೆ ಅಲ್ಲಿ ಆಗಲೇ ಒಳ್ಳೆಯ ಕೆಲಸ ನಡೆದಿರಬಹುದು.

ಆಮೇಲೆ ಮೂಲಪಾಠ ಗೊತ್ತುಮಾಡಿಕೊಳ್ಳುತ್ತೇನೆ. ಬಿ.ಎಂ.ಶ್ರೀ ಅವರ ‘ಕರುಣಾಳು ಬಾ ಬೆಳಕೆ’ಗೆ ಮೂಲವಾದ, ಜಾನ್ ಹೆನ್ರಿ ನ್ಯೂಮನ್‌ನ ‘ಲೀಡ್, ಕೈಂಡ್ಲಿ ಲೈಟ್’ ಕವಿತೆ 1833ರದ್ದು, ಆರಾರು ಸಾಲಿನ ಮೂರು ಪದ್ಯ. ಕೆಲವು ಚರ್ಚ್ ಗೀತಸಂಪುಟಗಳಲ್ಲಿ ನಾಲ್ಕನೆಯದೂ ಇದೆ; ಅದು ಆಮೇಲೆ ಎಡ್ವರ್ಡ್ ಬಿಕರ್‌ಸ್ಟೆತ್ ಎಂಬ ಪಾದ್ರಿ ಸೇರಿಸಿದ್ದು. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಆ ಪಾಠವನ್ನೇ ಮೂಲವೆಂದು ನಂಬಿದರೆ ಇಲ್ಲದ ಲೋಪವೊಂದನ್ನು ಅನುವಾದಕರ ತಲೆಗೆ ಕಟ್ಟಿ, ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದುಬಿಡಬಹುದು.

ಹೋಲಿಕೆಯನ್ನು ಎಕ್ಸೆಲ್‌ನಲ್ಲಿ ಮಾಡುತ್ತೇನೆ: ಮೂಲ, ಕನ್ನಡ, ಆವೃತ್ತಿ ಮತ್ತು ಪುಟ, ವ್ಯತ್ಯಾಸದ ಬಗೆ, ಛಂದಸ್ಸು. ಸಾಲಿಗೆ ಸಾಲು ಕೂಡಿಸಲು ಹೋದರೆ ಕೆಲಸ ಕೆಡುತ್ತದೆ. ಅರ್ಥದ ತುಣುಕಿಗೊಂದು ಅಂಕಿ ಕೊಡಬೇಕು. ಛಂದಸ್ಸಿನ ಅಂಕಣವನ್ನು ಮಾತ್ರ ಯಾರೂ ಬಿಡಬಾರದು. ನ್ಯೂಮನ್‌ನ ಮೊದಲ ಸಾಲಿಗೆ 10 ಉಚ್ಚಾರಾಂಶ, ಎರಡನೆಯದಕ್ಕೆ 4. ಕನ್ನಡದಲ್ಲಿ ಐದು ಮಾತ್ರೆಯ ಗಣಗಳು: ಕರುಣಾಳು | ಬಾ ಬೆಳಕೆ | ಮುಸುಕಿದೀ | ಮಬ್ಬಿನಲಿ. ಮುಂದೆ ಬರುವ ‘ಕೈ ಹಿಡಿದು’ ಮೂಲದ ಆ ಸಾಲಿನಲ್ಲಿಲ್ಲ. ಅದೂ ಸರಿಯಾಗಿ ಐದು ಮಾತ್ರೆ. ಗಣ ತುಂಬಲು ಬಂದದ್ದೆಂದು ಅಲ್ಲಿಗೇ ಕೈಬಿಟ್ಟರೆ ಬೆಳಕಿಗೆ ಕೈ ಬಂದ ಸೊಗಸೇ ಕಾಣದೆ ಹೋಗುತ್ತದೆ; ಬರೀ ಭಾವವೆಂದರೆ ಲಯದ ಲೆಕ್ಕ ತಪ್ಪುತ್ತದೆ. ಎರಡನ್ನೂ ದಾಖಲಿಸುತ್ತೇನೆ. ಪ್ರಬಂಧದ ಜೀವ ಇಂಥ ಕಡೆಯೇ ಇರುತ್ತದೆ.

ಟೈಪಿಂಗ್ ಮೊದಲಿನಿಂದಲೂ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನ ಕಡತದಲ್ಲಿ ಕನ್ನಡ ಪದ ಹುಡುಕಿದರೆ ಸಿಗದು, ಪರಿವರ್ತಿಸಿದರೆ ಅರ್ಕಾವತ್ತು ಕೆಡಬಹುದು. ಸಾಲುಸಾಲಾಗಿ ಕರಡು ತಿದ್ದಲೇಬೇಕು. ರೋಮನ್ ಲಿಪ್ಯಂತರದಲ್ಲಿ ಸಂಸ್ಕೃತದ ಕ್ರಮ ಬಳಸಿದರೆ ಎ-ಏ, ಒ-ಓ ಭೇದ ಅಳಿಸಿಹೋಗುತ್ತದೆ. ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಲಿಪ್ಯಂತರ ಕ್ರಮದಲ್ಲಿ ಅದು ಉಳಿಯುತ್ತದೆ.

ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಂತೆ ಪ್ರಬಂಧಕ್ಕೆ ಬೇರೆ ಬರಹಗಳೊಂದಿಗೆ ಸಾಮ್ಯತೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಮೂಲ ನಮೂದಿಸಿದ ಉದ್ಧರಣೆ, ಆಕರಸೂಚಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಉದ್ಧರಣ ಚಿಹ್ನೆಯಿಲ್ಲದೆ ಅಂಚು ಸರಿಸಿ ಕೊಟ್ಟ ಪದ್ಯವನ್ನು ತಂತ್ರಾಂಶ ನಕಲೆಂದು ಎಣಿಸಬಹುದು. ವರದಿ ಬಂದಾಗ ಗ್ರಂಥಾಲಯದವರ ಜೊತೆ ಕೂತು ಅಂಥವನ್ನು ಒಂದೊಂದಾಗಿ ಲೆಕ್ಕದಿಂದ ತೆಗೆಸಿ.